ಬ್ಲೋವರ್ ಯಾವ ಸ್ಪೀಡಲ್ಲೂ ತಿರುಗ್ತಿಲ್ಲ, ಘಾಟೀಲಿ ಗ್ಲಾಸ್ ಪೂರ್ತಿ ಮಬ್ಬು – ಮೋಟರೇ ಹೋಗಿದ್ಯಾ?

ತುಂಗಾತೀರ

ಎಲ್ರಿಗೂ ನಮಸ್ಕಾರ. ನಮ್ದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಎಸಿ, ತಿರುಗಿಸೋ ನಾಬ್ ಇರೋದು, ಬ್ಲೋವರ್‌ಗೆ 1ರಿಂದ 4 ಸ್ಪೀಡ್. ಈಗ ಯಾವ ನಂಬರ್‌ಗೆ ಇಟ್ರೂ ಫ್ಯಾನ್ ತಿರುಗಲ್ಲ, ಗಾಳೀನೂ ಇಲ್ಲ, ಸೌಂಡೂ ಇಲ್ಲ. ಎಸಿ ಬಟನ್ ಒತ್ತಿದ್ರೆ ಲೈಟ್ ಮಾತ್ರ ಹತ್ತುತ್ತೆ.

ಇದು ಒಂದೇ ಸಲಕ್ಕೆ ಆಗಿದ್ದಲ್ಲ, ಅದಕ್ಕೇ ಮೊದಲಿಂದ ಹೇಳ್ತೀನಿ. ಬೇಸಿಗೇಲಿ 1, 2, 3 ಮೂರೂ ಒಟ್ಟಿಗೆ ಹೋಯ್ತು, 4ರಲ್ಲಿ ಮಾತ್ರ ಜೋರಾಗಿ ಗಾಳಿ ಬರ್ತಿತ್ತು. ಸೆಖೆ ಟೈಮು, ಹೇಗೂ ಫುಲ್ ಇಟ್ಕೊಂಡೇ ಓಡಿಸೋದಲ್ವಾ, ಹಾಗೇ ನಡೀತಾ ಇತ್ತು. ಮಳೆ ಹಿಡಿದ್ಮೇಲೆ 4 ಕೂಡ ಬರೋದು ಹೋಗೋದು ಶುರುವಾಯ್ತು, ಗುಂಡಿಗೆ ಇಳಿದ್ರೆ ಆನ್ ಆಗೋದು, ನಾಬ್ ಸ್ವಲ್ಪ ಅಲ್ಲಾಡ್ಸಿದ್ರೆ ಬರೋದು, ಆಮೇಲೆ ಮತ್ತೆ ಬಂದ್. ನಡುವೆ ಪ್ಲಾಸ್ಟಿಕ್ ಸುಟ್ಟ ವಾಸನೆ ಕೂಡ ಬಂದಿತ್ತು. ಈಗ ಪೂರ್ತಿ ಸತ್ತಿದೆ.

ಮನೆ ತೀರ್ಥಹಳ್ಳಿ ಹತ್ರ. ಅಪ್ಪನ್ನ ಚೆಕಪ್‌ಗೆ ಮಣಿಪಾಲಕ್ಕೆ ಕರ್ಕೊಂಡು ಹೋಗ್ಬೇಕು, ಅಂದ್ರೆ ಆಗುಂಬೆ ಘಾಟಿ ಇಳೀಲೇಬೇಕು. ಮಳೇಲಿ ಆ ಹದಿನಾಲ್ಕು ತಿರುವು ಎಂಥದು ಅಂತ ಈ ಕಡೆಯವರಿಗೆ ಗೊತ್ತು. ಹೊರಗೆ ಮೋಡ ರೋಡ್ ಮೇಲೇ ಕೂತಿರುತ್ತೆ, ಒಳಗೆ ನಾಲ್ಕು ಜನರ ಉಸಿರಿಗೆ ಗ್ಲಾಸ್ ಬೆಳ್ಳಗಾಗಿಬಿಡುತ್ತೆ, ಒಂದು ಕೈಲಿ ಸ್ಟೇರಿಂಗು ಇನ್ನೊಂದು ಕೈಲಿ ಬಟ್ಟೆ ಹಿಡ್ಕೊಂಡು ಒರೆಸ್ತಾ ಹೋಗೋದು ನಂಗೆ ಧೈರ್ಯ ಇಲ್ಲ.

ಇಲ್ಲೊಂದು ಗ್ಯಾರೇಜಲ್ಲಿ ತೋರಿಸ್ದೆ. ನಾಬ್ ತಿರುಗಿಸಿ ನೋಡಿ "ಮೋಟರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸ್ಬೇಕು, ಗಾಡಿ ಬಿಟ್ಟು ಹೋಗಿ" ಅಂದ್ರು. ಮೀಟರ್ ಹಾಕಿ ಏನೂ ನೋಡ್ಲಿಲ್ಲ. ಫ್ಯೂಸ್ ನಾನೇ ತೆಗೆದು ನೋಡ್ದೆ, ಹಸಿರು ಬಣ್ಣದ 30 ಆಂಪಿಯರ್‌ದು, ಕಣ್ಣಿಗೆ ಚೆನ್ನಾಗೇ ಕಾಣುತ್ತೆ. ಹೀಟರ್ ಕಡೆ ತಾಪತ್ರಯ ಇದ್ದಂಗಿಲ್ಲ, ಯಾಕಂದ್ರೆ ನಾಬ್ ಕೆಂಪು ಕಡೆ ಇಟ್ಟು ಸ್ಪೀಡಾಗಿ ಹೋದ್ರೆ ಹೊರಗಿನ ಗಾಳಿ ತಳ್ಳಿಕೊಂಡು ಸ್ವಲ್ಪ ಬೆಚ್ಚಗೆ ಬರುತ್ತೆ.

ಮನೇಲಿ ಡಿಜಿಟಲ್ ಮಲ್ಟಿಮೀಟರ್ ಇದೆ, ಸ್ಕ್ರೂಡ್ರೈವರ್ ಸೆಟ್ ಇದೆ. ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡೋಳು, ಸರ್ಕ್ಯೂಟ್ ಅಂದ್ರೆ ಹೆದರಿಕೆ ಇಲ್ಲ, ಆದ್ರೆ ಕಾರ್ ಬಿಚ್ಚಿ ಅಭ್ಯಾಸ ಇಲ್ಲ. ಮೋಟರ್‌ಗೆ ದುಡ್ಡು ಹಾಕೋ ಮೊದಲು ಏನೇನು ನೋಡ್ಬಹುದು, ಯಾರಾದ್ರೂ ಹೇಳ್ತೀರಾ?

ಫಾಸ್ಟ್_ಗೇರ್

ಯಾವ ಸ್ಪೀಡಲ್ಲೂ ಬರ್ತಿಲ್ಲ ಅಂದ್ರೆ ಮೋಟರೇ ಮೇಡಂ. ನನ್ ಕಸಿನ್ ಗಾಡೀಲೂ ಹಿಂಗೇ ಆಗಿತ್ತು, ಹೊಸ ಮೋಟರ್ ಹಾಕಿದ್ಮೇಲೆ ಸರಿಹೋಯ್ತು. ಆದ್ರೆ ಡ್ಯಾಶ್‌ಬೋರ್ಡ್ ಇಳಿಸೋದೇನೂ ಬೇಡ, ಸಣ್ಣ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಗ್ಲೋವ್ ಬಾಕ್ಸ್ ತೆಗೆದ್ರೆ ಕೆಳಗಡೆಯಿಂದಾನೇ ಸಿಗುತ್ತೆ, ಮೂರು ಸ್ಕ್ರೂ ಅಷ್ಟೇ.

ಹಾಸನ_ವೈರಿಂಗ್

ಮೇಡಂ, ದಯವಿಟ್ಟು ಈಗ್ಲೇ ಮೋಟರ್ ತಗೋಬೇಡಿ. ನಾನು ಆಟೋ ಎಲೆಕ್ಟ್ರಿಕ್ ಕೆಲಸ ಮಾಡೋನು, ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ. ಮೊದಲು 1-2-3 ಹೋಯ್ತು 4 ಉಳೀತು, ಆಮೇಲೆ 4 ಲೂಸ್ ಕಾಂಟ್ಯಾಕ್ಟ್ ಥರ ಆಡ್ತು, ನಾಬ್ ಅಲ್ಲಾಡ್ಸಿದ್ರೆ ಬಂತು, ಸುಟ್ಟ ವಾಸನೆ ಬಂತು. ಮೋಟರ್ ಹೋಗೋದಾಗಿದ್ರೆ ಅದಕ್ಕೆ 3 ಯಾವುದು 4 ಯಾವುದು ಅಂತ ಗೊತ್ತಾಗಲ್ಲ, ಎಲ್ಲಾ ಸ್ಪೀಡೂ ಒಟ್ಟಿಗೆ ಡಲ್ ಆಗುತ್ತೆ ಇಲ್ಲಾ ಒಟ್ಟಿಗೆ ನಿಲ್ಲುತ್ತೆ. ನಿಮ್ದು ಹಾಗಲ್ಲ.

ಒಳಗೆ ಏನಿದೆ ಅಂತ ಹೇಳ್ತೀನಿ. ಬ್ಯಾಟರಿ ಪ್ಲಸ್ ಫ್ಯೂಸ್‌ಗೆ ಬಂದು, ಅಲ್ಲಿಂದ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು), ರಿಲೇಯಿಂದ ಮೋಟರ್‌ನ ಒಂದು ತುದಿ. ಮೋಟರ್‌ನ ಇನ್ನೊಂದು ತುದಿ ರೆಸಿಸ್ಟರ್‌ಗೆ ಹೋಗಿ, ಅಲ್ಲಿಂದ ನೀವು ತಿರುಗಿಸೋ ನಾಬ್ ಸ್ವಿಚ್‌ಗೆ ಬಂದು, ಸ್ವಿಚ್‌ನಿಂದ ಬಾಡಿ ಅರ್ತ್. ಇಂಥ ನಾಬ್ ಇರೋ ತುಂಬಾ ಗಾಡೀಲಿ ಹೀಗೇ, ಸ್ವಿಚ್ ಅರ್ತ್ ಕಡೆ ಇರುತ್ತೆ. 1, 2, 3ಕ್ಕೆ ಕರೆಂಟು ರೆಸಿಸ್ಟರ್ ತಂತಿ ಸುರುಳಿಗಳ ಮೂಲಕ ಹೋಗುತ್ತೆ, ಅದಕ್ಕೇ ಫ್ಯಾನ್ ನಿಧಾನ. 4ಕ್ಕೆ ಸುರುಳಿ ಬಿಟ್ಟು ನೇರ ಹೋಗುತ್ತೆ. ರೆಸಿಸ್ಟರ್ ಮೇಲೆ ಒಂದು ಸಣ್ಣ ಥರ್ಮಲ್ ಫ್ಯೂಸ್ ಕೂತಿರುತ್ತೆ, ತೀರಾ ಬಿಸಿ ಆದ್ರೆ ಅದು ಕಡಿದುಹೋಗುತ್ತೆ, ಆಗ ಮೂರೂ ಸ್ಪೀಡ್ ಒಟ್ಟಿಗೆ ಬಂದ್, 4 ಮಾತ್ರ ಉಳಿಯುತ್ತೆ. ಬೇಸಿಗೇಲಿ ನಿಮಗೆ ಆಗಿದ್ದು ಬಹುತೇಕ ಇದೇ. ಆ ರೆಸಿಸ್ಟರ್‌ನ ಬ್ಲೋವರ್ ಗಾಳಿ ಹೋಗೋ ದಾರೀಲೇ ಕೂರಿಸಿರ್ತಾರೆ, ಬರೋ ಗಾಳೀಲೇ ತಣ್ಣಗಾಗ್ಲಿ ಅಂತ. ಎಸಿ ಫಿಲ್ಟರ್ ಕಟ್ಟಿಕೊಂಡು ಗಾಳಿ ಕಮ್ಮಿ ಆದ್ರೆ, ಇಲ್ಲಾ ಮೋಟರ್ ಬಿಗಿಯಾಗಿ ಕರೆಂಟ್ ಜಾಸ್ತಿ ಎಳೆದ್ರೆ, ಅದು ಸುಡುತ್ತೆ.

ಈಗ 4 ಯಾಕೆ ಹೋಯ್ತು ಅಂತ ಹುಡುಕೋಣ. ಫ್ಯೂಸ್ ಕಣ್ಣಿಗೆ ನೋಡಿ ಬಿಡ್ಬೇಡಿ, ಕೂತ ಜಾಗದಲ್ಲೇ ಅದರ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಕಾಣುತ್ತೆ, ಕೀ ಆನ್ ಮಾಡಿ ಮೀಟರ್‌ನ ಕಪ್ಪು ಕಡ್ಡಿ ಬಾಡಿಗೆ ಇಟ್ಟು ಕೆಂಪು ಕಡ್ಡಿ ಎರಡೂ ಚುಕ್ಕಿಗೆ ಇಟ್ಟು ನೋಡಿ, ಎರಡರಲ್ಲೂ 12 ಚಿಲ್ಲರೆ ಬರಬೇಕು. ರಿಲೇ ಮೇಲೆ ಅನುಮಾನ ಇದ್ರೆ ಪಕ್ಕದಲ್ಲಿ ಅದೇ ನಂಬರ್‌ದು ಇನ್ನೊಂದು ಸಾಮಾನ್ಯವಾಗಿ ಇರುತ್ತೆ, ಹಾರ್ನ್‌ದು ಆಗಿರಬಹುದು, ಅದನ್ನ ಅದಲು ಬದಲು ಮಾಡಿ.

ಆಮೇಲೆ ಮುಖ್ಯವಾದ ಕೆಲಸ. ಗ್ಲೋವ್ ಬಾಕ್ಸ್ ತೆಗೀರಿ, ಎರಡೂ ಪಕ್ಕ ಒಳಗೆ ಒತ್ತಿದ್ರೆ ಕೆಳಗೆ ಜೋತುಬೀಳುತ್ತೆ. ಅದರ ಹಿಂದೆ ಕೆಳಗಡೆ ದುಂಡಗೆ ಕಪ್ಪಗೆ ಇರೋದು ಬ್ಲೋವರ್, ಅದಕ್ಕೆ ಎರಡು ದಪ್ಪ ವೈರ್ ಇರೋ ಕಪ್ಲರ್ (ವೈರ್ ಸಿಕ್ಕಿಸೋ ಪ್ಲಾಸ್ಟಿಕ್ ಪ್ಲಗ್ಗು) ಬರುತ್ತೆ. ಹಳದಿ ಬಣ್ಣದ ಕಪ್ಲರ್ ಕಂಡ್ರೆ ಮುಟ್ಟಬೇಡಿ, ಅದು ಏರ್‌ಬ್ಯಾಗ್‌ದು. ಬ್ಲೋವರ್ ಕಪ್ಲರ್ ಬಿಚ್ಚದೇನೇ, ಹಿಂದಿನಿಂದ ವೈರ್ ಪಕ್ಕ ಗುಂಡುಪಿನ್ ತೂರಿಸಿ ಅಳೀರಿ. ಬಿಚ್ಚಿ ಅಳೆದ್ರೆ ಲೋಡ್ ಇರಲ್ಲ, ಸುಟ್ಟ ಕಾಂಟ್ಯಾಕ್ಟ್ ಕೂಡ ಮೀಟರ್‌ಗೆ 12 ತೋರಿಸಿ ದಾರಿ ತಪ್ಪಿಸುತ್ತೆ. ಎರಡು ಪಿನ್ ಒಂದಕ್ಕೊಂದು ತಾಗದ ಹಾಗೆ ನೋಡ್ಕೊಳ್ಳಿ. ಕೀ ಆನ್, ನಾಬ್ 4ರಲ್ಲಿ.

ಎರಡೂ ವೈರಲ್ಲಿ ಸೊನ್ನೆ ಅಂದ್ರೆ ಪ್ಲಸ್ಸೇ ಬಂದಿಲ್ಲ, ಫ್ಯೂಸ್ ರಿಲೇ ಕಡೆ ಹೋಗಿ. ಒಂದರಲ್ಲಿ 12, ಇನ್ನೊಂದರಲ್ಲಿ ಸೊನ್ನೆ ಹತ್ರ, ಆದ್ರೂ ತಿರುಗ್ತಿಲ್ಲ ಅಂದ್ರೆ ಮೋಟರೇ, ಆಗ ಫಾಸ್ಟ್ ಗೇರ್ ಹೇಳಿದ್ದು ಸರಿ. ಎರಡರಲ್ಲೂ 12 ಇದ್ರೆ ಮೋಟರ್ ತನಕ ಕರೆಂಟ್ ಬಂದು ಅದರೊಳಗಿಂದ ದಾಟಿ ಆಚೆ ಹೋಗೋಕೆ ದಾರಿ ಇಲ್ದೆ ನಿಂತಿದೆ ಅಂತ ಅರ್ಥ, ಮೋಟರ್ ಸುರುಳಿ ಕಡಿದಿಲ್ಲ, ಅರ್ತ್ ಕಡೆ ಎಲ್ಲೋ ಕಡಿದಿದೆ. ನನ್ನ ಲೆಕ್ಕದಲ್ಲಿ ನಿಮ್ದು ಇದೇ ಬರುತ್ತೆ, ನಾಬ್ ಹಿಂದಿನ ಕಪ್ಲರ್ ಸುಟ್ಟಿರುತ್ತೆ. ಅಳೆದು ಹೇಳಿ.

ಧಾರವಾಡ_ಮಂದಿ

ಹಾಸನದವ್ರು ಛಲೋ ಹೇಳ್ಯಾರ್ರಿ. ನಾ ಒಂದ್ ಮಾತು ಸೇರಸ್ತೀನಿ ಅಕ್ಕಾರ. ಗ್ಲೋವ್ ಬಾಕ್ಸ್ ತಗದ ಮ್ಯಾಲೆ ಎಸಿ ಫಿಲ್ಟರ್ ಹೊರಗ ಎಳದ್ ನೋಡ್ರಿ, ಹಂಗ ಬ್ಲೋವರ್ ಕೆಳಗ ಇಳಿಸಿ ಆ ಫ್ಯಾನಿನ ಒಳಗ ಟಾರ್ಚ್ ಬಿಡ್ರಿ. ನಮ್ ಗಾಡ್ಯಾಗ ಇಲಿ ಗೂಡು ಕಟ್ಟಿತ್ರಿ, ಶೇಂಗಾ ಸಿಪ್ಪಿ, ಅರಿವಿ ಚೂರು, ಸೀಟಿನ ಸ್ಪಂಜು ಎಲ್ಲಾ ತಂದು ತುಂಬಿತ್ತು. ಫ್ಯಾನ್ ತಿರುಗಾಕ ಜಾಗಾನ ಇರಲಿಲ್ಲ. ಮಳಿಗಾಲದಾಗ ಬೆಚ್ಚಗ ಜಾಗಾ ಹುಡಕೊಂಡು ವೈಪರ್ ಕೆಳಗಿನ ಜಾಳಗಿ ಕಡೆಯಿಂದ ಬರ್ತಾವ್ರಿ ಅವು.

ಗೂಡು ಸಿಕ್ರ ಬರೇ ಕೈಲೆ ತಗೀಬ್ಯಾಡ್ರಿ, ಗಾಳಿ ಹೊಡದು ಹಾರಸಾಕೂ ಹೋಗಬ್ಯಾಡ್ರಿ. ಇಲಿ ಉಚ್ಚಿಲೆ ಇಲಿ ಜ್ವರ ಬರ್ತದ. ಕೈಗೆ ಗ್ಲೌಸು, ಮಾರಿಗೆ ಮಾಸ್ಕು, ಮೊದಲ ಬ್ಲೀಚಿಂಗ್ ನೀರು ಚಿಮಕಿಸಿ ತೊಯಿಸಿ ಆಮ್ಯಾಲೆ ತಗೀರಿ.

ತುಂಗಾತೀರ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ರಜೆ ಇತ್ತು, ಕೂತು ಮಾಡ್ದೆ.

ಫ್ಯೂಸ್ ಎರಡೂ ಚುಕ್ಕಿ 12.4. ಬ್ಲೋವರ್ ಕಪ್ಲರ್ ಹಿಂದೆ ಗುಂಡುಪಿನ್ ಹಾಕಿ ನೋಡಿದ್ರೆ ಒಂದು ವೈರಲ್ಲಿ 12.3, ಇನ್ನೊಂದರಲ್ಲೂ 12.3! ನಾಬ್ 4ಕ್ಕೆ ಇಟ್ರೂ ಅಷ್ಟೇ, ಆಫ್‌ಗೆ ಇಟ್ರೂ ಅಷ್ಟೇ. ಆಮೇಲೆ ನನಗೇ ಹೊಳೀತು, ಆ ಎರಡನೇ ವೈರನ್ನ ಬಾಡಿಗೆ ತಾಗಿಸಿದ್ರೆ ತಿರುಗ್ಬೇಕಲ್ವಾ ಅಂತ, ಆದ್ರೆ ಕೇಳದೆ ಮಾಡೋದು ಬೇಡ ಅಂತ ನಿಲ್ಲಿಸ್ದೆ.

ನಾಬ್ ಪ್ಯಾನಲ್ ಮುಂದಿನ ಕವರ್ ಎಳೆದು ಹಿಂದಿನ ಕಪ್ಲರ್ ನೋಡ್ದೆ. ಬಿಳಿ ಪ್ಲಾಸ್ಟಿಕ್ಕು, ಅದರಲ್ಲಿ ಒಂದು ಮೂಲೆ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಕರಗಿ ಸ್ವಿಚ್‌ಗೇ ಅಂಟಿಕೊಂಡಿದೆ. ಬಿಚ್ಚೋಕೆ ಕಷ್ಟ ಆಯ್ತು. ಒಳಗೆ ದಪ್ಪ ಕಪ್ಪು ವೈರ್ ಕೂರೋ ಟರ್ಮಿನಲ್ ನೀಲಿ ಕಪ್ಪಾಗಿ ಪುಡಿಪುಡಿ ಥರ ಇದೆ, ಆ ವೈರ್ ತುದಿ ಒಂದು ಬೆರಳಷ್ಟು ಉದ್ದ ಗಡುಸಾಗಿ ಬಗ್ಗಿಸಿದ್ರೆ ಸಿಪ್ಪೆ ಬಿರಿಯುತ್ತೆ. ಮಿಕ್ಕ ವೈರೆಲ್ಲ ಮೆತ್ತಗೇ ಇವೆ.

ಫಿಲ್ಟರ್ ಬಗ್ಗೆ ಧಾರವಾಡದವರು ಹೇಳಿದ್ದು ಸರಿ ಇತ್ತು. ಗೂಡು ಅಂತ ಪೂರ್ತಿ ಇರಲಿಲ್ಲ, ಆದ್ರೆ ಫಿಲ್ಟರ್ ಮೇಲೆ ಒಣ ಎಲೆ, ಅಡಿಕೆ ಸಿಪ್ಪೆ ನಾರು ದಪ್ಪಕ್ಕೆ ಒದ್ದೆಯಾಗಿ ಕೂತಿತ್ತು. ಬ್ಲೋವರ್ ಫ್ಯಾನಿನ ಅಲಗುಗಳ ಸಂದೀಲೂ ನಾರು. ಕೈಲಿ ತಿರುಗಿಸಿದ್ರೆ ಸ್ವಲ್ಪ ತಿರುಗಿ ನಿಂತುಬಿಡುತ್ತೆ, ಕರಕರ ಅನ್ನುತ್ತೆ.

ಹಾಸನ_ವೈರಿಂಗ್

ತುಂಬಾ ಚೆನ್ನಾಗಿ ನೋಡಿದೀರಿ ಮೇಡಂ. ಆ ದಪ್ಪ ಕಪ್ಪು ವೈರ್ ಅಂದ್ರೆ ಅರ್ತ್, ನಾಲ್ಕೂ ಸ್ಪೀಡ್‌ನ ಕರೆಂಟು ಅದೊಂದರಲ್ಲೇ ಹೋಗೋದು, ಅದಕ್ಕೇ ಅದು ಹೋದ್ಮೇಲೆ ಎಲ್ಲಾ ಬಂದ್.

ಇದು ಯಾಕೆ ಸುಡುತ್ತೆ ಅಂತ ನೀವು ಮಕ್ಕಳಿಗೆ ಪಾಠ ಮಾಡೋ ಲೆಕ್ಕದಲ್ಲೇ ನೋಡಿ. ಫುಲ್ ಸ್ಪೀಡಲ್ಲಿ 15 ಆಂಪಿಯರ್ ಹೋಗ್ತಿದೆ ಅಂತ ಇಟ್ಕೊಳ್ಳಿ. ಟರ್ಮಿನಲ್ ಸಡಿಲ ಆಗಿ ಆ ಒಂದು ಜಾಗದಲ್ಲಿ ಬರೀ 0.1 ಓಮ್ ಬಂದ್ರೆ ಸಾಕು, ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸು, 22 ವ್ಯಾಟ್ ಮೇಲೆ ಬಿಸಿ ಅಲ್ಲೇ ಹುಟ್ಟುತ್ತೆ. ಸೋಲ್ಡರಿಂಗ್ ಐರನ್ 25 ವ್ಯಾಟ್‌ದು, ಅಂಥದ್ದನ್ನ ಪ್ಲಾಸ್ಟಿಕ್ ಕಪ್ಲರ್ ಒಳಗೆ ಆನ್ ಮಾಡಿಟ್ಟಂಗೆ. ಬಿಸಿಗೆ ಟರ್ಮಿನಲ್‌ನ ಬಿಗಿ ಹೋಗುತ್ತೆ, ಬಿಗಿ ಹೋದ್ರೆ ಇನ್ನೂ ಬಿಸಿ. 1-2-3 ಹೋದ ಮೇಲೆ ಸದಾ 4ರಲ್ಲೇ ಓಡಿದ್ರಿಂದ ಬೇಗ ಸುಟ್ಟಿದೆ. ಎರಡು ಕೆಟ್ಟಿದೆ, ಆದ್ರೆ ಮೂಲ ಒಂದೇ, ನಾರು ತುಂಬಿ ಗಾಳಿ ಕಟ್ಟಿದ್ದು, ಫ್ಯಾನ್ ಬಿಗಿಯಾಗಿದ್ದು.

ಬಾಡಿಗೆ ತಾಗಿಸೋ ಟೆಸ್ಟ್ ಮಾಡ್ಬಹುದು, ಆದ್ರೆ ಫ್ಯಾನ್ ಕ್ಲೀನ್ ಮಾಡಿದ ಮೇಲೆ. ದಪ್ಪ ವೈರ್ ತಗೊಳ್ಳಿ, ನಡುವೆ ಒಂದು 20 ಆಂಪಿಯರ್ ಫ್ಯೂಸ್ ಹಾಕಿ, ಮೋಟರ್‌ನ ಅರ್ತ್ ಕಡೆ ವೈರಿಗೆ ಒಂದು ತುದಿ, ಬಾಡಿಯ ಬಣ್ಣ ಇಲ್ಲದ ಬೋಲ್ಟಿಗೆ ಇನ್ನೊಂದು ತುದಿ. ಯಾವ ವೈರ್ ಅರ್ತ್ ಕಡೇದು ಅಂತ ಮೊದಲು ಖಚಿತ ಮಾಡ್ಕೊಳ್ಳಿ, ಕಪ್ಲರ್ ಬಿಚ್ಚಿ ಅಳೆದಾಗ ಪ್ಲಸ್ ಕಡೆ ಮಾತ್ರ 12 ಉಳಿಯುತ್ತೆ. ಅಪ್ಪಿತಪ್ಪಿ ಪ್ಲಸ್ ಬಾಡಿಗೆ ತಾಗಿದ್ರೆ ಫ್ಯೂಸ್ ಹಾರುತ್ತೆ. ಬೆರಳು ಫ್ಯಾನ್ ಹತ್ರ ಇಡ್ಬೇಡಿ, ಜಗ್ ಅಂತ ಎಳೆಯುತ್ತೆ.

ಮಲ್ಟಿಮೀಟರಲ್ಲಿ ಕರೆಂಟ್ ಅಳೆಯೋಕೆ ಮಾತ್ರ ಹೋಗ್ಬೇಡಿ, ಮನೇಲಿರೋ ಮೀಟರ್‌ದು ಸಾಮಾನ್ಯವಾಗಿ 10 ಆಂಪಿಯರ್‌ವರೆಗೆ, ಬ್ಲೋವರ್ ಅದನ್ನ ದಾಟುತ್ತೆ. ಎಲೆಕ್ಟ್ರಿಷಿಯನ್ ಹತ್ರ ಡಿಸಿ ಅಳೆಯೋ ಕ್ಲಾಂಪ್ ಮೀಟರ್ ಇರುತ್ತೆ, ವೈರ್ ಸುತ್ತ ಹಿಡಿದ್ರೆ ಸಾಕು.

ಬದಲಾಯಿಸ್ಬೇಕಾದ್ದು ನಾಬ್ ಸ್ವಿಚ್ಚು, ಅದರ ಕಪ್ಲರ್ ಹೊಸದು ವೈರ್ ಸಮೇತ ಸಿಗುತ್ತೆ, ರೆಸಿಸ್ಟರ್, ಎಸಿ ಫಿಲ್ಟರ್. ಹೊಸ ಸ್ವಿಚ್ ಹಾಕಿ ಹಳೇ ಸುಟ್ಟ ಕಪ್ಲರನ್ನೇ ಚುಚ್ಚಿ ಕೊಡೋರಿದಾರೆ, ಒಪ್ಪಬೇಡಿ, ಹೊಸ ಸ್ವಿಚ್ಚೂ ಬೇಗ ಕರಗುತ್ತೆ. ಗಡುಸಾದ ವೈರ್ ಪೂರ್ತಿ ಕತ್ತರಿಸಿ ಒಳಗೆ ತಾಮ್ರ ಹೊಳೆಯೋ ಜಾಗದ ತನಕ ಹೋಗಿ ಅಲ್ಲಿ ಜಾಯಿಂಟ್ ಹಾಕ್ಬೇಕು, ಅಷ್ಟೇ ದಪ್ಪದ ವೈರ್, ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಇಟ್ಟು ಒತ್ತಿ ಬಿಗಿದು) ಸ್ಲೀವ್ ಹಾಕ್ಬೇಕು, ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ರೆ ಆಗಲ್ಲ. ರೆಸಿಸ್ಟರ್ ಬೆಲೆ ನೂರರ ಲೆಕ್ಕದಲ್ಲಿ, ಮೋಟರ್ ಸಾವಿರದ ಲೆಕ್ಕದಲ್ಲಿ, ಅದಕ್ಕೇ ಅಳೀದೆ ತಗೋಬೇಡಿ ಅಂದಿದ್ದು. ರೆಸಿಸ್ಟರ್‌ನ ಥರ್ಮಲ್ ಫ್ಯೂಸ್ ಜಾಗದಲ್ಲಿ ತಂತಿ ಬೆಸೆದು ಕೊಡೋರೂ ಇದಾರೆ. ದಯವಿಟ್ಟು ಬೇಡ, ಬೆಂಕಿ ತಡೆಯೋಕೆ ಅಂತಾನೇ ಅದನ್ನ ಇಟ್ಟಿರೋದು.

ಘಾಟಿ_ಸವಾರ

ರಿಪೇರಿ ಬಗ್ಗೆ ಹಾಸನದವರು ಹೇಳಿದ ಮೇಲೆ ಮತ್ತೇನಿಲ್ಲ. ನಾನು ಕೊಪ್ಪ ಶೃಂಗೇರಿ ಕಡೆಯಿಂದ ಕರಾವಳಿಗೆ ಬಾಡಿಗೆ ಗಾಡಿ ಓಡಿಸೋನು, ಅದು ಸರಿ ಆಗೋ ತನಕ ಏನು ಮಾಡ್ಬೇಕು ಅಂತ ಹೇಳ್ತೀನಿ ಅಕ್ಕ.

ಆದಷ್ಟು ರಾತ್ರಿ ಘಾಟಿ ಬೇಡ. ಹೋಗ್ಲೇಬೇಕು ಅಂದ್ರೆ ಹೊರಡೋ ಮೊದಲು ಗ್ಲಾಸ್ ಒಳಗಡೆ ಚೆನ್ನಾಗಿ ತೊಳೀರಿ, ಒಳಗಡೆ ಗ್ಲಾಸ್ ಮೇಲೆ ಕಣ್ಣಿಗೆ ಕಾಣದ ಜಿಡ್ಡು ಕೂತಿರುತ್ತೆ, ಮಬ್ಬು ಹಿಡಿಯೋದು ಹೆಚ್ಚಾಗಿ ಅದರ ಮೇಲೇ. ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ನೀರಿಗೆ ಹಾಕಿ ಒರೆಸಿ, ಆಮೇಲೆ ಒಣ ಬಟ್ಟೇಲಿ ಹೊಳೆಯೋ ತನಕ ಉಜ್ಜಿ. ಒದ್ದೆ ಕೊಡೆ, ಒದ್ದೆ ಮ್ಯಾಟು ಎಲ್ಲಾ ಡಿಕ್ಕಿಗೆ ಹಾಕಿ, ಒಳಗಿನ ತೇವಾನೇ ಗ್ಲಾಸಿಗೆ ಬರೋದು. ಗಾಳಿ ಲಿವರ್ ಹೊರಗಿನ ಗಾಳಿ ಬರೋ ಕಡೆ ಇಡಿ, ಒಳಗಿಂದೊಳಗೇ ಸುತ್ತೋ ಕಡೆ ಇಟ್ರೆ ಉಸಿರೆಲ್ಲ ಅಲ್ಲೇ ಉಳಿಯುತ್ತೆ. ನಾಬ್ ಗ್ಲಾಸ್ ಚಿತ್ರಕ್ಕೆ ತಿರುಗಿಸಿ, ಬಿಸಿ ಕಡೆ ಇಡಿ, ಫ್ಯಾನ್ ಇಲ್ದಿದ್ರೂ ಗಾಡಿ ಹೋಗೋವಾಗ ಸ್ವಲ್ಪ ಗಾಳಿ ತಾನಾಗೇ ಬರುತ್ತೆ. ಎರಡೂ ಕಡೆ ಕಿಟಕಿ ಎರಡು ಬೆರಳಷ್ಟು ಇಳಿಸಿ, ಒಂದು ಮುಂದೆ ಒಂದು ಹಿಂದೆ, ಅಡ್ಡಡ್ಡ ಇಳಿಸಿದ್ರೆ ಗಾಳಿ ಚೆನ್ನಾಗಿ ದಾಟುತ್ತೆ. ಸ್ವಲ್ಪ ನೆನೀತೀರಿ, ಪರವಾಗಿಲ್ಲ.

ಒರೆಸ್ತಾ ಓಡಿಸಬೇಡಿ. ಆ ತಿರುವುಗಳು ಎಷ್ಟು ಇಕ್ಕಟ್ಟು ಅಂತ ನಿಮಗೇ ಗೊತ್ತು, ಮಿನಿ ಬಸ್ಸು ತಿರುಗಿಸಿಕೊಳ್ಳೋಕೆ ಪೂರ್ತಿ ರೋಡ್ ಬೇಕು. ಮಬ್ಬು ಜಾಸ್ತಿ ಆದ್ರೆ ಅಗಲ ಇರೋ ಜಾಗ ನೋಡಿ ನಿಲ್ಲಿಸಿ, ಒರೆಸಿ, ಹೊರಡಿ. ಓಡೋವಾಗ ನಾಲ್ಕೂ ಇಂಡಿಕೇಟರ್ ಹಾಕೊಂಡು ಹೋಗಬೇಡಿ, ನೀವು ಎತ್ತ ತಿರುಗ್ತೀರಿ ಅಂತ ಎದುರಿನವನಿಗೆ ಗೊತ್ತಾಗಲ್ಲ. ಲೋ ಬೀಮ್ ಸಾಕು, ಹೈ ಬೀಮ್ ಹಾಕಿದ್ರೆ ಮಂಜಿಗೆ ಬಡಿದು ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ.

ಇನ್ನೊಂದು, ಬ್ಲೋವರ್ ಇಲ್ದೆ ಎಸಿ ಬಟನ್ ಒತ್ತಿ ಉಪಯೋಗ ಇಲ್ಲ. ಎಸಿ ಗಾಳೀಲಿರೋ ನೀರು ಹಿಂಡೋದ್ರಿಂದಾನೇ ಮಬ್ಬು ಬೇಗ ಹೋಗೋದು, ಆದ್ರೆ ಕೂಲಿಂಗ್ ಕಾಯಿಲ್ ಮೇಲೆ ಗಾಳಿ ಹಾದ್ರೆ ತಾನೇ. ಸರಿಯಾದ ಮೇಲೆ ಮಳೆಗಾಲದಲ್ಲಿ ಎಸಿ ಆನ್ ಇಟ್ಟು ಬಿಸಿ ಕಡೆಗೂ ತಿರುಗಿಸಿ ಗ್ಲಾಸಿಗೆ ಬಿಡಿ. ಎಸಿ ಹಾಕಿದ್ಮೇಲೆ ಬಿಸಿ ಯಾಕೆ ಅಂತ ಕೇಳ್ತಾರೆ, ಒಣಗಿದ ಬೆಚ್ಚಗಿನ ಗಾಳಿಯಷ್ಟು ಬೇಗ ಗ್ಲಾಸ್ ಬಿಡಿಸೋದು ಬೇರೆ ಯಾವುದೂ ಇಲ್ಲ.

ಕ್ಯಾಲ್ಗರಿ_ಕನ್ನಡಿಗ

ಓದ್ತಾ ಓದ್ತಾ ನಮ್ಮೂರ ಮಳೆ ನೆನಪಾಯ್ತು. ಇಲ್ಲಿ ಕೆನಡಾದಲ್ಲಿ ಚಳಿಗಾಲದಲ್ಲಿ ಮೈನಸ್ 25, 30ಕ್ಕೆ ಇಳಿಯುತ್ತೆ, ಬ್ಲೋವರ್ ಇಲ್ದೆ ಗಾಡಿ ತೆಗೆಯೋ ಹಾಗೇ ಇಲ್ಲ, ಉಸಿರು ಗ್ಲಾಸ್ ಒಳಗಡೆಯೇ ಐಸ್ ಆಗಿ ಕೂರುತ್ತೆ. ಕಾರಣಗಳು ಮಾತ್ರ ಅವೇ, ರೆಸಿಸ್ಟರ್, ಕರಗಿದ ಕಪ್ಲರ್, ಎಲೆ ತುಂಬಿದ ಫ್ಯಾನ್. ಎಲೆ ಬದಲು ಹಿಮಾನೂ ಆಗಬಹುದು, ವೈಪರ್ ಕೆಳಗಿನ ಜಾಲರಿ ಮೇಲೆ ಹಿಮ ಹಾಗೇ ಬಿಟ್ಟು ಬ್ಲೋವರ್ ಹಾಕಿದ್ರೆ ಒಳಗೆ ಎಳ್ಕೊಂಡು, ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ ಫ್ಯಾನ್ ಹಿಡ್ಕೊಳ್ಳುತ್ತೆ, ಬೆಳಿಗ್ಗೆ ಆನ್ ಮಾಡಿದ ತಕ್ಷಣ ಫ್ಯೂಸ್ ಹಾರುತ್ತೆ.

ಮುಂದೆ ಯಾರಾದ್ರೂ ಈ ಥ್ರೆಡ್ ಹುಡುಕ್ಕೊಂಡು ಬಂದ್ರೆ ಅಂತ ಒಂದು ಮಾತು. ನಿಮ್ಮ ಗಾಡಿ ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಆಗಿದ್ರೆ ಮೇಲಿನ ರೆಸಿಸ್ಟರ್ ಲೆಕ್ಕ ಹಾಗ್ಹಾಗೇ ಹೊಂದಲ್ಲ. ಅಲ್ಲಿ ತಂತಿ ಸುರುಳಿ ಬದಲು ಟ್ರಾನ್ಸಿಸ್ಟರ್ ಇರೋ ಮಾಡ್ಯೂಲ್ ಇರುತ್ತೆ, ಅದಕ್ಕೆ ದಪ್ಪ ವೈರ್ ಜೊತೆ ಒಂದು ಸಣ್ಣ ಸಿಗ್ನಲ್ ವೈರ್ ಬರುತ್ತೆ. ಆ ಸಣ್ಣ ವೈರಿಗೆ 12 ವೋಲ್ಟ್ ತಾಗಿಸಿದ್ರೆ ಮಾಡ್ಯೂಲ್ ಮತ್ತೆ ಕಂಟ್ರೋಲ್ ಪ್ಯಾನಲ್ ಎರಡೂ ಹೋಗಬಹುದು. ಮೋಟರ್ ಒಂದನ್ನೇ ಕಪ್ಲರ್ ಬಿಚ್ಚಿ, ಫ್ಯೂಸ್ ಇರೋ ವೈರಲ್ಲಿ ಬ್ಯಾಟರಿಯಿಂದ ನೇರ ಕೊಟ್ಟು ನೋಡೋದು ಮಾತ್ರ ಸೇಫ್.

ತುಂಗಾತೀರ

ಬ್ಲೋವರ್ ತಿರುಗ್ತಿದೆ! ನಾಲ್ಕೂ ಸ್ಪೀಡ್ ಬಂದಿದೆ.

ಫ್ಯಾನ್ ಇಳಿಸಿ ಮನೇಲೇ ಕ್ಲೀನ್ ಮಾಡ್ದೆ, ಗ್ಲೌಸ್ ಹಾಕೊಂಡು ಬ್ಲೀಚಿಂಗ್ ನೀರು ಚಿಮುಕಿಸಿ ನಾರೆಲ್ಲ ಚಿಮಟದಲ್ಲಿ ಒಂದೊಂದೇ ತೆಗೆದೆ. ಫ್ಯಾನಿನ ಕೆಳಗೆ ಮೋಟರ್ ಶಾಫ್ಟಿಗೆ ಕೂಡ ಒಂದು ಉದ್ದ ನಾರು ಸುತ್ತಿ ಸುತ್ತಿ ಬಿಗಿದುಕೊಂಡಿತ್ತು, ಅದನ್ನ ಬ್ಲೇಡಲ್ಲಿ ಕೊಯ್ದು ಎಳೆದ ಮೇಲೆ ಕೈಲಿ ಒಂದು ಸಲ ತಳ್ಳಿದ್ರೆ ಸುಮಾರು ಹೊತ್ತು ಸುತ್ತುತ್ತೆ, ಕರಕರ ಹೋಗಿದೆ. ಆಮೇಲೆ ಫ್ಯೂಸ್ ಇರೋ ವೈರಲ್ಲಿ ಅರ್ತ್ ಕೊಟ್ಟೆ, ಒಂದೇ ಏಟಿಗೆ ಜೋರಾಗಿ ತಿರುಗ್ತು, ಅಪ್ಪ ಹೊರಗಡೆ ಜಗಲೀಲಿ ಕೂತವರು ಎದ್ದು ಬಂದು ನೋಡಿದ್ರು.

ವೈರ್ ಕೆಲಸ ನಾನು ಮಾಡ್ಲಿಲ್ಲ. ಪೇಟೇಲಿ ಒಬ್ಬರು ಎಲೆಕ್ಟ್ರಿಷಿಯನ್ ಹತ್ರ ಈ ಥ್ರೆಡ್ ತೋರಿಸಿ, ಹೀಗೀಗೇ ಮಾಡಿಕೊಡಿ ಅಂತ ಕೇಳ್ದೆ. ಹಿರಿಯರು, ಬೇಜಾರು ಮಾಡ್ಕೊಳ್ಳದೆ ಪೂರ್ತಿ ಓದಿ, ಕಪ್ಲರ್ ಶಿವಮೊಗ್ಗದಿಂದ ತರಿಸಿದ್ರು. ಹೊಸ ಸ್ವಿಚ್, ಕಪ್ಲರ್, ರೆಸಿಸ್ಟರ್, ಫಿಲ್ಟರ್. ಹಳೇ ರೆಸಿಸ್ಟರ್ ಬಿಚ್ಚಿ ತೋರಿಸಿದ್ರು, ಥರ್ಮಲ್ ಫ್ಯೂಸ್‌ನ ಕಾಲು ಬಿಟ್ಟುಹೋಗಿತ್ತು. ಕ್ಲಾಂಪ್ ಮೀಟರಲ್ಲಿ 4ನೇ ಸ್ಪೀಡ್‌ಗೆ 13 ಆಂಪಿಯರ್ ಚಿಲ್ಲರೆ ಬಂತು. ಮೋಟರ್ ಹಳೇದೇ ಇಟ್ಟುಕೊಂಡಿದೀನಿ, ಸರಿ ಅಲ್ವಾ?

ಹಾಸನ_ವೈರಿಂಗ್

ಸರಿಯಾಗಿದೆ, ಇಟ್ಕೊಳ್ಳಿ. ಒಂದು ಕೊನೇ ಅಳತೆ ಮಾಡಿ, 4ರಲ್ಲಿ ಓಡ್ತಿರೋವಾಗ ಮೋಟರ್‌ನ ಅರ್ತ್ ಕಡೆ ವೈರಿಗೂ ಬಾಡಿಗೂ ನಡುವೆ ಎಷ್ಟು ವೋಲ್ಟ್ ಅಂತ. ಅರ್ಧ ವೋಲ್ಟ್ ಒಳಗಿದ್ರೆ ಜಾಯಿಂಟು ಚೆನ್ನಾಗಿ ಕೂತಿದೆ. ಜಾಸ್ತಿ ಬಂದ್ರೆ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ಬಿಗಿ ಮಾಡಿಸಿ. ಅರ್ಧ ಗಂಟೆ ಫುಲ್ ಓಡಿಸಿ ಕಪ್ಲರ್ ಮುಟ್ಟಿ ನೋಡಿ, ಬೆಚ್ಚಗಿರಬಹುದು, ಕೈ ಇಡೋಕಾಗದಷ್ಟು ಬಿಸಿ ಇರಬಾರದು.

ಬಾನೆಟ್ ತೆಗೆದಾಗಲೆಲ್ಲ ವೈಪರ್ ಕೆಳಗಿನ ಜಾಲರಿ ಮೇಲಿನ ಎಲೆ ತೆಗೀರಿ. ಮರದ ಕೆಳಗೆ ನಿಲ್ಲಿಸೋ ಗಾಡೀಲಿ ಅಲ್ಲಿನ ನೀರು ಹೋಗೋ ತೂತು ಕಟ್ಟಿಕೊಂಡ್ರೆ ಮಳೆ ನೀರು ನೇರ ಬ್ಲೋವರ್ ಮೋಟರ್ ಮೇಲೆ ಬೀಳೋದೂ ಉಂಟು, ಆಗ ನಿಜವಾಗ್ಲೂ ಮೋಟರ್ ಹೋಗುತ್ತೆ.

ಕಾಫಿತೋಟ

ಮೂಡಿಗೆರೆಯಿಂದ. ನಮ್ದೂ ಬ್ಲೋವರ್ರೇ ಸರ್, ಆದ್ರೆ ಬೇರೆ ಥರ. ನಾಬ್ ತಿರುಗಿಸಿದ ತಕ್ಷಣ 30ರ ಫ್ಯೂಸ್ ಹಾರುತ್ತೆ, ಹೊಸದು ಹಾಕಿದ್ರೂ ಹಾರುತ್ತೆ. 40 ಹಾಕಿ ನೋಡು ಅಂತ ಒಬ್ಬರು ಹೇಳಿದ್ರು, ಹಾಕ್ಬಹುದಾ?

ಹಾಸನ_ವೈರಿಂಗ್

ಹಾಕ್ಲೇಬೇಡಿ. ಫ್ಯೂಸ್ ಇರೋದು ಮೋಟರ್ ಉಳಿಸೋಕಲ್ಲ, ವೈರ್ ಉಳಿಸೋಕೆ. 30ಕ್ಕೆ ಲೆಕ್ಕ ಹಾಕಿದ ವೈರಲ್ಲಿ 40 ಹೋದ್ರೆ ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಒಳಗೆ ವೈರೇ ಉರಿಯುತ್ತೆ.

ಬ್ಲೋವರ್ ಕಪ್ಲರ್ ಬಿಚ್ಚಿ, ಹೊಸ 30 ಹಾಕಿ, ನಾಬ್ ತಿರುಗಿಸಿ. ಹಾರಲಿಲ್ಲ ಅಂದ್ರೆ ಮೋಟರ್ ಜಾಮ್ ಆಗಿದೆ ಇಲ್ಲಾ ಒಳಗೆ ಶಾರ್ಟ್ ಆಗಿದೆ, ಮೇಡಂ ಮಾಡಿದ ಹಾಗೆ ಇಳಿಸಿ ಕೈಲಿ ತಿರುಗಿಸಿ ನೋಡಿ. ಕಪ್ಲರ್ ಬಿಚ್ಚಿದ್ಮೇಲೂ ಹಾರಿದ್ರೆ ವೈರ್ ಎಲ್ಲೋ ಬಾಡಿಗೆ ತಾಗಿದೆ, ತೋಟದ ಮನೆ ಅಂದ್ಮೇಲೆ ಮೊದಲ ಅನುಮಾನ ಇಲಿ ಮೇಲೇ. ಆಗ ಫ್ಯೂಸ್ ಸುಡ್ತಾ ಕೂರಬೇಡಿ, ಫ್ಯೂಸ್ ಜಾಗದ ಎರಡು ಕಾಲಿಗೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಒಂದನ್ನ ವೈರಲ್ಲಿ ಕಟ್ಟಿ. ಶಾರ್ಟ್ ಇರೋ ತನಕ ಬಲ್ಬ್ ಉರಿಯುತ್ತೆ, ವೈರಿಗೆ ಅಪಾಯ ಇರಲ್ಲ. ಫ್ಯೂಸ್ ಬಾಕ್ಸ್‌ನಿಂದ ಬ್ಲೋವರ್ ಕಡೆಗೆ ವೈರಿಂಗ್ ಹಿಡಿದು ಸ್ವಲ್ಪ ಸ್ವಲ್ಪವೇ ಅಲ್ಲಾಡಿಸ್ತಾ ಬನ್ನಿ, ಎಲ್ಲಿ ಅಲ್ಲಾಡಿಸಿದಾಗ ಬಲ್ಬ್ ಆರುತ್ತೋ ಅಲ್ಲಿ ಟೇಪ್ ಬಿಚ್ಚಿ ನೋಡಿ. ಕಡಿದಿರೋದು ಸಿಕ್ರೆ ಫೋಟೋ ಹಾಕಿ, ಯಾವ ಸೈಜಿನ ವೈರ್ ತಗೋಬೇಕು ಅಂತ ಹೇಳ್ತೀನಿ.